ಮೀನೆಣ್ಣೆ ಗುಳಿಗೆ ನುಂಗುವ ಮೊದಲು: ಕಾಡ್ ಲಿವರ್ ಆಯಿಲ್ ಬಳಸುವವರಿಗೆ ಒಂದು ಮಾರ್ಗದರ್ಶಿ

ವಿಜಯಪುರದಲ್ಲಿ ಔಷಧ ಅಂಗಡಿ ನಡೆಸುವ ನನಗೆ ವಾರದಲ್ಲಿ ನಾಲ್ಕಾರು ಬಾರಿಯಾದರೂ ಎದುರಾಗುವ ಬೇಡಿಕೆ ಇದು: "ನಮ್ಮ ಹುಡುಗಗ ಚಾಳೀಸ ಬಂದೈತ್ರಿ, ಮೀನೆಣ್ಣಿ ಗುಳಿಗಿ ಕೊಡ್ರಿ." ಕನ್ನಡಕಕ್ಕೆ ಅಲ್ಲದಿದ್ದರೆ ಮೊಣಕಾಲು ನೋವಿಗೆ, ಅದೂ ಅಲ್ಲದಿದ್ದರೆ ಮಗು ಎತ್ತರ ಬೆಳೆಯಲಿ ಎಂದು. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ದಿನವೂ ಕೊಟ್ಟರೆ ಉಷ್ಣವಾಗುತ್ತದೆಯೇ ಎಂಬ ಪ್ರಶ್ನೆಗಳೂ ಜೊತೆಗೇ ಬರುತ್ತವೆ. ಗಿರಾಕಿಗಳ ಸಾಲಿನ ನಡುವೆ ಇವಕ್ಕೆಲ್ಲ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲವಾದ್ದರಿಂದ, ಈ ಎಣ್ಣೆಯಲ್ಲಿ ಏನಿದೆ, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಮತ್ತು ಬಳಸುವುದೇ ಆದರೆ ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಹೆಸರಿನ ವಿಷಯ. ಕಾಡ್ ಎನ್ನುವುದು ನಮ್ಮ ಕೃಷ್ಣೆಯಲ್ಲಾಗಲಿ, ಕಾರವಾರದ ಕಡಲಿನಲ್ಲಾಗಲಿ ಸಿಗುವ ಮೀನಲ್ಲ. ಅದು ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣೀರಿನ ಮೀನು. ಪ್ರತಿ ಚಳಿಗಾಲದಲ್ಲಿ ನಾರ್ವೆಯ ಲೊಫೋಟೆನ್ ದ್ವೀಪಗಳ ಸುತ್ತ ಮೊಟ್ಟೆಯಿಡಲು ಗುಂಪುಗುಂಪಾಗಿ ಬರುತ್ತದೆ. ಬಂಗಡೆ, ತಾರ್ಲೆಯಂಥ ಮೀನುಗಳು ಕೊಬ್ಬನ್ನು ಮಾಂಸದಲ್ಲಿ ಇರಿಸಿಕೊಂಡರೆ, ಕಾಡ್ ಮೀನು ಅದನ್ನು ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ, ಕೂಡಿಡುತ್ತದೆ. ಆ ಲಿವರಿನಿಂದ ತೆಗೆದ ಎಣ್ಣೆಯೇ ಕಾಡ್ ಲಿವರ್ ಆಯಿಲ್. ಹಿಂದೆ ಲಿವರುಗಳನ್ನು ಪೀಪಾಯಿಗಳಲ್ಲಿ ಕೊಳೆಯಲು ಬಿಟ್ಟು ಮೇಲೆ ತೇಲಿದ ಕಪ್ಪು ಎಣ್ಣೆಯನ್ನು ತೆಗೆಯುತ್ತಿದ್ದರು. 1850ರ ದಶಕದಲ್ಲಿ ಪೀಟರ್ ಮೊಲ್ಲರ್ ಎಂಬ ನಾರ್ವೆಯ ಔಷಧ ತಯಾರಕರು ಹಬೆಯಿಂದ ಎಣ್ಣೆ ತೆಗೆಯುವ ಕ್ರಮವನ್ನು ತಂದ ಮೇಲೆ ಅದು ತಿಳಿಯಾದ, ಕುಡಿಯಲು ಸಹಿಸಬಹುದಾದ ಎಣ್ಣೆಯಾಯಿತು.

ಲಿವರಿನ ಎಣ್ಣೆ ಎಂಬುದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಂಗಡಿಯಲ್ಲಿ 'ಫಿಶ್ ಆಯಿಲ್' ಅಥವಾ 'ಒಮೆಗಾ-3' ಎಂದು ಬರೆದ ಡಬ್ಬಿಗಳೂ ಇರುತ್ತವೆ. ಅವು ಮೀನಿನ ಮೈಯಿಂದ ತೆಗೆದ ಎಣ್ಣೆಗಳು. ಅವುಗಳಲ್ಲಿ ಒಮೆಗಾ-3 ಹೆಚ್ಚು, ಎ ಮತ್ತು ಡಿ ಜೀವಸತ್ವಗಳು ಇಲ್ಲವೆನ್ನುವಷ್ಟು ಕಡಿಮೆ. ಕಾಡ್ ಲಿವರ್ ಆಯಿಲ್‌ನಲ್ಲಿ ಎ ಮತ್ತು ಡಿ ಜೀವಸತ್ವಗಳೇ ಮುಖ್ಯ. ಎರಡಕ್ಕೂ ನಮ್ಮ ಕಡೆ 'ಮೀನೆಣ್ಣೆ ಗುಳಿಗೆ' ಎಂಬ ಒಂದೇ ಹೆಸರು ಇರುವುದರಿಂದ, ಒಂದನ್ನು ಕೇಳಿ ಇನ್ನೊಂದನ್ನು ಒಯ್ಯುವವರು ಬಹಳ.

ಎಣ್ಣೆಯಲ್ಲಿ ಏನಿದೆ?

ಏನನ್ನೂ ಸೇರಿಸದ, ಏನನ್ನೂ ತೆಗೆಯದ ಸಹಜ ಕಾಡ್ ಲಿವರ್ ಎಣ್ಣೆಯ ಒಂದು ಟೀ ಚಮಚ ಸುಮಾರು 4.5 ಗ್ರಾಂ ತೂಗುತ್ತದೆ. ಅದರಲ್ಲಿ 41 ಕಿಲೊಕ್ಯಾಲರಿ ಶಕ್ತಿ, ಸುಮಾರು 1350 ಮೈಕ್ರೋಗ್ರಾಂ ಎ ಜೀವಸತ್ವ, 450 ಐ.ಯು. ಡಿ ಜೀವಸತ್ವ ಮತ್ತು ಸುಮಾರು 0.8 ಗ್ರಾಂ ಇ.ಪಿ.ಎ. ಹಾಗೂ ಡಿ.ಎಚ್.ಎ. ಇರುತ್ತವೆ. ಕೊನೆಯ ಎರಡು ಹೆಸರುಗಳು ಒಮೆಗಾ-3 ಗುಂಪಿಗೆ ಸೇರಿದ, ಸಮುದ್ರದ ಮೀನುಗಳಲ್ಲಿ ಸಿಗುವ ಕೊಬ್ಬಿನಾಮ್ಲಗಳವು. ಐ.ಯು. ಎಂದರೆ ಜೀವಸತ್ವಗಳನ್ನು ಅಳೆಯುವ ಅಂತರರಾಷ್ಟ್ರೀಯ ಏಕಮಾನ. ಪ್ರೋಟೀನು, ಕ್ಯಾಲ್ಸಿಯಂ, ಕಬ್ಬಿಣ ಇವು ಯಾವುವೂ ಈ ಎಣ್ಣೆಯಲ್ಲಿ ಇಲ್ಲ. 'ಮೈಗೆ ಶಕ್ತಿ ಬರಲಿ' ಎಂದು ಕೊಳ್ಳುವವರು ಇದನ್ನು ಗಮನಿಸಬೇಕು.

ಈ ಅಂಕಿಗಳನ್ನು ನಮ್ಮ ಅಗತ್ಯದ ಪಕ್ಕದಲ್ಲಿ ಇಟ್ಟು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 600 ಐ.ಯು. ಡಿ ಜೀವಸತ್ವ ಬೇಕು. ಎ ಜೀವಸತ್ವ ಗಂಡಸರಿಗೆ 1000 ಮೈಕ್ರೋಗ್ರಾಂ, ಹೆಂಗಸರಿಗೆ 840 ಮೈಕ್ರೋಗ್ರಾಂ. ಎ ಜೀವಸತ್ವದ ಸುರಕ್ಷಿತ ಮೇಲ್ಮಿತಿ ದಿನಕ್ಕೆ 3000 ಮೈಕ್ರೋಗ್ರಾಂ. ಅಂದರೆ ಒಂದು ಚಮಚ ಸಹಜ ಎಣ್ಣೆ ಡಿ ಜೀವಸತ್ವದ ಅಗತ್ಯವನ್ನು ಪೂರ್ತಿ ತುಂಬುವುದಿಲ್ಲ, ಆದರೆ ಎ ಜೀವಸತ್ವದ ಅಗತ್ಯವನ್ನು ಮೀರಿಸಿಬಿಡುತ್ತದೆ. ಮೂರು ಚಮಚ ಕುಡಿದರೆ ಮೇಲ್ಮಿತಿಯೇ ದಾಟುತ್ತದೆ. ಈ ಎಣ್ಣೆಯ ವಿಷಯದಲ್ಲಿ ನಡೆಯುವ ಹೆಚ್ಚಿನ ತಪ್ಪುಗಳಿಗೆ ಈ ಅಸಮತೋಲನವೇ ಮೂಲ. ಡಿ ಬೇಕೆಂದು, ಒಮೆಗಾ ಬೇಕೆಂದು ಪ್ರಮಾಣ ಹೆಚ್ಚಿಸುತ್ತ ಹೋದವರು ತಮಗೆ ಗೊತ್ತಿಲ್ಲದಂತೆ ಎ ಜೀವಸತ್ವವನ್ನು ಹೆಚ್ಚಿಸಿಕೊಳ್ಳುತ್ತಾರೆ, ಮತ್ತು ಅದು ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೋಗುವಂಥದ್ದಲ್ಲ. ನಮ್ಮ ಲಿವರಿನಲ್ಲಿಯೇ ಉಳಿಯುತ್ತದೆ.

ಹಂತ 1: ಯಾವ ಕಾರಣಕ್ಕೆ ಬೇಕು ಎಂಬುದನ್ನು ಖಚಿತಪಡಿಸಿಕೊಳ್ಳಿ

ಮೂಳೆಗಾಗಿ. ಈ ಎಣ್ಣೆಯ ಕೀರ್ತಿ ಹುಟ್ಟಿದ್ದೇ ಇಲ್ಲಿ. ಮಕ್ಕಳ ಕಾಲು ಬಾಗುವ, ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ಯುರೋಪಿನ ಹೊಗೆ ಮುಸುಕಿದ ಊರುಗಳಲ್ಲಿ ವ್ಯಾಪಕವಾಗಿದ್ದ ಕಾಲದಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಅವರು ನಾಯಿಮರಿಗಳಿಗೆ ಓಟ್ಸ್ ಗಂಜಿಯನ್ನೇ ಉಣಿಸಿ ಆ ರೋಗ ಬರಿಸಿ, ಕಾಡ್ ಲಿವರ್ ಎಣ್ಣೆಯಿಂದ ಅದನ್ನು ತಡೆಯಬಹುದೆಂದು 1919ರ ಹೊತ್ತಿಗೆ ತೋರಿಸಿದರು. ಗುಣ ಎ ಜೀವಸತ್ವದ್ದೇ ಇರಬೇಕೆಂದು ಎಲ್ಲರೂ ಭಾವಿಸಿದ್ದರು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಎಣ್ಣೆಯನ್ನು ಕಾಯಿಸಿ, ಗಾಳಿಯಾಡಿಸಿ ಅದರೊಳಗಿನ ಎ ಜೀವಸತ್ವವನ್ನು ನಾಶ ಮಾಡಿದರು. ಆಮೇಲೂ ಎಣ್ಣೆ ರಿಕೆಟ್ಸ್ ವಾಸಿ ಮಾಡಿತು. ಹಾಗೆ ಗುರುತಿಗೆ ಬಂದದ್ದೇ ಡಿ ಜೀವಸತ್ವ. ಆದ್ದರಿಂದ ಡಿ ಕೊರತೆಯನ್ನು ತಡೆಯುವ ಶಕ್ತಿ ಈ ಎಣ್ಣೆಗೆ ಇರುವುದರಲ್ಲಿ ಸಂಶಯವಿಲ್ಲ.

ಆದರೆ ತಡೆಯುವುದು ಬೇರೆ, ಕೊರತೆ ಆದ ಮೇಲೆ ತುಂಬುವುದು ಬೇರೆ. ರಕ್ತಪರೀಕ್ಷೆಯಲ್ಲಿ ಡಿ ಜೀವಸತ್ವ ಪ್ರತಿ ಮಿ.ಲೀ.ಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ವೈದ್ಯರು ಸಾಮಾನ್ಯವಾಗಿ ವಾರಕ್ಕೊಮ್ಮೆ 60,000 ಐ.ಯು.ನ ಪುಡಿಯ ಪೊಟ್ಟಣ ಅಥವಾ ಗುಳಿಗೆಯನ್ನು ಕೆಲವು ವಾರಗಳ ಮಟ್ಟಿಗೆ ಬರೆಯುತ್ತಾರೆ. ಅಷ್ಟು ಡಿ ಜೀವಸತ್ವವನ್ನು ಸಹಜ ಮೀನೆಣ್ಣೆಯಿಂದಲೇ ಪಡೆಯಬೇಕೆಂದರೆ ವಾರಕ್ಕೆ 133 ಚಮಚ ಕುಡಿಯಬೇಕಾದೀತು, ಜೊತೆಗೆ ಸುಮಾರು ಆರು ಲಕ್ಷ ಐ.ಯು. ಎ ಜೀವಸತ್ವ ಹೊಟ್ಟೆಗೆ ಇಳಿದೀತು. ಆದ್ದರಿಂದ ಕೊರತೆ ಪತ್ತೆಯಾದವರು ವೈದ್ಯರ ಪೊಟ್ಟಣ ಬಿಟ್ಟು 'ನೈಸರ್ಗಿಕ' ಎಂದು ಇದಕ್ಕೆ ಬರಬಾರದು.

ಬಿಸಿಲಿನ ನಾಡಿನವರಿಗೆ ಡಿ ಕೊರತೆ ಎಲ್ಲಿಂದ ಎಂದು ಕೇಳುವವರಿದ್ದಾರೆ. ಬಿಸಿಲು ಇರುವುದಷ್ಟೇ ಸಾಲದು, ಅದು ಚರ್ಮಕ್ಕೆ ತಾಗಬೇಕು. ನಮ್ಮ ಕಡೆಯ ಬಿಸಿಲಿಗೆ ಹೆದರಿ ಬೆಳಗಿನ ಹತ್ತರಿಂದ ಸಂಜೆಯವರೆಗೆ ಒಳಗೇ ಇರುವವರು, ಹೊರಗೆ ಹೊರಟರೂ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಳ್ಳುವವರು ಕಡಿಮೆಯಿಲ್ಲ. ಇನ್ನು, ಸೂರ್ಯ ಹುಟ್ಟಿದ ಕೂಡಲೇ ಬೀಳುವ ಎಳೆಬಿಸಿಲಿನಲ್ಲಿ ಡಿ ಜೀವಸತ್ವ ತಯಾರಿಸುವ ಕಿರಣಗಳು ತೀರ ಕಡಿಮೆ. ಎಳೆಬಿಸಿಲಿನಲ್ಲಿ ಕೂಸನ್ನು ಮಲಗಿಸಿದರೆ ಸಾಕು ಎಂಬ ನಂಬಿಕೆ ಅಷ್ಟಾಗಿ ನಿಲ್ಲುವುದಿಲ್ಲ.

ಕಣ್ಣಿಗಾಗಿ. ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡಿಗೆ, ಕಣ್ಣಿನ ಬಿಳಿಭಾಗ ಒಣಗುವುದಕ್ಕೆ ಎ ಜೀವಸತ್ವವೇ ಮದ್ದು. ಆದರೆ ದೂರದ ಕರಿಹಲಗೆ ಮಸುಕಾಗಿ ಕಾಣುವುದು ಕಣ್ಣುಗುಡ್ಡೆಯ ಆಕಾರದ ದೋಷ. ಅದಕ್ಕೆ ಕನ್ನಡಕ ಬೇಕು, ಎಣ್ಣೆಯಿಂದ ನಂಬರು ಇಳಿಯುವುದಿಲ್ಲ. ಹುಡುಗನಿಗೆ ಚಾಳೀಸು ಬಂತೆಂದು ಗುಳಿಗೆ ಕೇಳುವವರಿಗೆ ನಾನು ಇದನ್ನೇ ಹೇಳಿ ಕಳಿಸುತ್ತೇನೆ. ಅರ್ಧ ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬುದೂ ನನಗೆ ಗೊತ್ತಿದೆ.

ಕೀಲುನೋವಿಗಾಗಿ. ಎಲ್ಲ ಮೊಣಕಾಲು ನೋವೂ ಒಂದೇ ಅಲ್ಲ. ವಯಸ್ಸಾದಂತೆ ಕೀಲಿನ ಮೃದ್ವಸ್ಥಿ ಸವೆದು ಬರುವ ನೋವಿಗೆ ಈ ಎಣ್ಣೆಯಿಂದ ಗಟ್ಟಿಯಾದ ಪ್ರಯೋಜನ ತೋರಿಬಂದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತದಲ್ಲಿ ಮಾತ್ರ ಒಂದಿಷ್ಟು ಆಧಾರವಿದೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ 97 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 10 ಗ್ರಾಂ ಎಣ್ಣೆ ಒಂಬತ್ತು ತಿಂಗಳು ತೆಗೆದುಕೊಂಡವರ ಪೈಕಿ ಶೇ. 39ರಷ್ಟು ಮಂದಿ ನೋವಿನ ಗುಳಿಗೆಗಳನ್ನು ಮೂರನೆಯ ಒಂದು ಭಾಗದಷ್ಟು ತಗ್ಗಿಸಲು ಸಾಧ್ಯವಾಯಿತು. ಹುಸಿ ಗುಳಿಗೆ ಪಡೆದವರಲ್ಲಿ ಇದು ಶೇ. 10 ಮಾತ್ರ. ಆದರೆ 10 ಗ್ರಾಂ ಎಂಬ ಮಾತನ್ನು ಗಮನಿಸಿ. ಸಹಜ ಎಣ್ಣೆಯಲ್ಲಿ ಅಷ್ಟಕ್ಕೆ 3000 ಮೈಕ್ರೋಗ್ರಾಂ ಎ ಜೀವಸತ್ವ ಬರುತ್ತದೆ, ಅದು ಸರಿಯಾಗಿ ಮೇಲ್ಮಿತಿಯ ಗೆರೆ. ಆದ್ದರಿಂದ ಸಂಧಿವಾತಕ್ಕೆಂದು ಒಮೆಗಾ-3 ಬೇಕಾದವರಿಗೆ ಎ ಜೀವಸತ್ವವಿಲ್ಲದ ಮೀನಿನ ಮೈಯೆಣ್ಣೆಯೇ ಸೂಕ್ತ. ಅದೂ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಿ.

ಹೃದಯಕ್ಕಾಗಿ ಮತ್ತು ನೆಗಡಿ ತಡೆಯಲು. ಈ ಎರಡರಲ್ಲೂ ಪ್ರಚಾರ ದೊಡ್ಡದು, ಫಲ ಸಣ್ಣದು. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ವೈಟಲ್ ಎಂಬ ಪ್ರಯೋಗದಲ್ಲಿ ದಿನಕ್ಕೆ 2000 ಐ.ಯು. ಡಿ ಜೀವಸತ್ವವಾಗಲಿ, 1 ಗ್ರಾಂ ಒಮೆಗಾ-3 ಆಗಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಹೃದಯ, ರಕ್ತನಾಳಗಳ ಗಂಭೀರ ಕಾಯಿಲೆಗಳ ಒಟ್ಟು ಪ್ರಮಾಣವನ್ನು ತಗ್ಗಿಸಲಿಲ್ಲ. ನಾರ್ವೆಯಲ್ಲಿಯೇ ಸುಮಾರು 34 ಸಾವಿರ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಚಳಿಗಾಲವಿಡೀ ಒಂದು ಗುಂಪಿಗೆ ದಿನಕ್ಕೆ 5 ಮಿ.ಲೀ. ಕಾಡ್ ಲಿವರ್ ಎಣ್ಣೆ, ಇನ್ನೊಂದಕ್ಕೆ ಹುಸಿ ಎಣ್ಣೆ ಕುಡಿಸಿ ನೋಡಿದರು. 2022ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಕೋವಿಡ್ ಆಗಲಿ, ಬೇರೆ ಉಸಿರಾಟದ ಸೋಂಕುಗಳಾಗಲಿ ಕಡಿಮೆಯಾಗಲಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತೀರ ಹೆಚ್ಚಿದ್ದವರಿಗೆ ದಿನಕ್ಕೆ 2ರಿಂದ 4 ಗ್ರಾಂ ಒಮೆಗಾ-3 ಉಪಯುಕ್ತವೆಂಬುದು ನಿಜ. ಅದು ವೈದ್ಯರು ಬರೆಯುವ ಔಷಧದ ಪ್ರಮಾಣ. ಹಾಗೆ ಹೆಚ್ಚು ತೆಗೆದುಕೊಂಡಾಗ ಕೆಲವರಲ್ಲಿ ಎದೆಬಡಿತದ ಲಯ ತಪ್ಪುವ ಅಪಾಯವೂ ಕಂಡುಬಂದಿದೆ.

ಎತ್ತರಕ್ಕಾಗಿ ಕೊಳ್ಳುವವರು ಆ ಹಣದಲ್ಲಿ ಮಗುವಿಗೆ ಮೊಟ್ಟೆ, ಹಾಲು, ಬೇಳೆ ಕೊಡಿಸುವುದು ಮೇಲು.

ಹಂತ 2: ನಿಮಗೆ ಇದು ಸಲ್ಲುತ್ತದೆಯೇ ನೋಡಿಕೊಳ್ಳಿ

ಬಸಿರಿಯರು ಮತ್ತು ಬಸಿರಾಗಲು ಬಯಸಿರುವವರು ಈ ಎಣ್ಣೆಯನ್ನು ತಾವಾಗಿ ತೆಗೆದುಕೊಳ್ಳಲೇಬಾರದು. ಲಿವರಿನ ಎಣ್ಣೆಯಲ್ಲಿರುವ ಎ ಜೀವಸತ್ವ ರೆಟಿನಾಲ್ ಎಂಬ ರೂಪದಲ್ಲಿರುತ್ತದೆ, ಅದು ಅತಿಯಾದರೆ ಹೊಟ್ಟೆಯೊಳಗಿನ ಕೂಸಿನ ಅಂಗಗಳ ಬೆಳವಣಿಗೆಯಲ್ಲಿ ದೋಷ ಉಂಟಾಗಬಹುದು. 'ಕೂಸು ಬುದ್ಧಿವಂತ ಆಗಲಿ' ಎಂದು ಸೊಸೆಗೆ ಮೀನೆಣ್ಣೆ ಕೊಡಿಸಲು ಬರುವ ಅತ್ತೆಯಂದಿರಿಗೆ ನಾನು ಕೈಮುಗಿದು ಹೇಳುವ ಮಾತಿದು. ಗಜ್ಜರಿ, ನುಗ್ಗೆಸೊಪ್ಪು, ಪಪ್ಪಾಯಿಗಳಲ್ಲಿ ಇರುವುದು ಬೀಟಾ ಕ್ಯಾರೊಟಿನ್. ದೇಹ ತನಗೆ ಬೇಕಾದಷ್ಟನ್ನೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಅವುಗಳಿಗೆ ಈ ಭಯವಿಲ್ಲ.

ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಮೊಡವೆಗೆ ಐಸೋಟ್ರೆಟಿನಾಯಿನ್ ನುಂಗುತ್ತಿರುವ ಕಾಲೇಜು ಹುಡುಗ ಹುಡುಗಿಯರು, ಲಿವರಿನ ಕಾಯಿಲೆ ಇರುವವರು, ಮೂತ್ರಪಿಂಡದ ಕಲ್ಲು ಆಗಿರುವವರು, ಮೀನಿನ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಐಸೋಟ್ರೆಟಿನಾಯಿನ್ ಎ ಜೀವಸತ್ವದ್ದೇ ಸಂಬಂಧಿ ಆಗಿರುವುದರಿಂದ ಎರಡೂ ಸೇರಿದರೆ ವಿಷವಾಗುವ ಅಪಾಯ ಕೂಡಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಈ ಗುಳಿಗೆಯ ಹೆಸರನ್ನೂ ವೈದ್ಯರಿಗೆ ಹೇಳಿ. 'ಅದೇನು ಔಷಧ ಅಲ್ಲವಲ್ಲ' ಎಂದು ಬಿಟ್ಟುಬಿಡುವವರೇ ಹೆಚ್ಚು.

ಹಂತ 3: ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದೆಡೆ ಇಡಿ

ಹೊಸ ಡಬ್ಬಿ ಕೊಳ್ಳುವ ಮೊದಲು ಸದ್ಯ ನುಂಗುತ್ತಿರುವುದನ್ನೆಲ್ಲ ಒಂದು ತಟ್ಟೆಯಲ್ಲಿ ಹರಡಿ ನೋಡಿ. ಬಹುಜೀವಸತ್ವದ ಗುಳಿಗೆಯಲ್ಲಿ ಎ ಮತ್ತು ಡಿ ಎರಡೂ ಇರುತ್ತವೆ. ಕ್ಯಾಲ್ಸಿಯಂ ಗುಳಿಗೆಯಲ್ಲಿ ಬಹುಮಟ್ಟಿಗೆ ಡಿ ಇರುತ್ತದೆ. ಕಳೆದ ವರ್ಷ ಒಬ್ಬ ತಾಯಿ ತಂದು ತೋರಿಸಿದ ಚೀಲದಲ್ಲಿ ವಾರದ 60,000ದ ಪೊಟ್ಟಣ, ಕ್ಯಾಲ್ಸಿಯಂ, ಬಹುಜೀವಸತ್ವ ಮತ್ತು ಮೀನೆಣ್ಣೆ, ಹೀಗೆ ಡಿ ಜೀವಸತ್ವ ನಾಲ್ಕು ಹೆಸರುಗಳಲ್ಲಿ ಇತ್ತು. ನಾಲ್ಕನ್ನೂ ನಾಲ್ಕು ಬೇರೆ ಬೇರೆ ಕಾಯಿಲೆಗೆಂದು ಅವರು ತಿಳಿದಿದ್ದರು. ವಾರಕ್ಕೊಮ್ಮೆ ಕುರಿಯ ಕಲೇಜಿ ತಿನ್ನುವ ಮನೆಯವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದೂ ಲಿವರೇ, ಅದರಲ್ಲಿಯೂ ರೆಟಿನಾಲ್ ಸಾವಿರಾರು ಮೈಕ್ರೋಗ್ರಾಂ ಇರುತ್ತದೆ.

ಐದು ವರ್ಷದೊಳಗಿನ ಮಕ್ಕಳಿದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಸರಕಾರದ ಕಾರ್ಯಕ್ರಮದಲ್ಲಿ ಒಂಬತ್ತನೆಯ ತಿಂಗಳಲ್ಲಿ 1 ಲಕ್ಷ ಐ.ಯು., ಅನಂತರ ಆರು ತಿಂಗಳಿಗೊಮ್ಮೆ 2 ಲಕ್ಷ ಐ.ಯು. ಎ ಜೀವಸತ್ವದ ದ್ರಾವಣವನ್ನು ಐದು ವರ್ಷದವರೆಗೆ ಹಾಕಿಸುತ್ತಾರೆ. ಆಶಾ ಕಾರ್ಯಕರ್ತೆ ಹಾಕಿಸಿದ್ದಾರೆ ಎಂದ ಮೇಲೆ ಮಗುವಿನ ಲಿವರಿನಲ್ಲಿ ಎ ಜೀವಸತ್ವದ ದಾಸ್ತಾನು ಆಗಲೇ ಇದೆ ಎಂದರ್ಥ.

ಹಂತ 4: ಲೇಬಲ್ ಓದಿ, ಲೆಕ್ಕ ಹಾಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಮತ್ತು ಯಾರೂ ಮಾಡದ ಹಂತ. ಡಬ್ಬಿಯ ಮುಂಭಾಗವನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ಅಂಕಿಗಳು ಒಂದು ಗುಳಿಗೆಗೋ, ಎರಡು ಗುಳಿಗೆಗೋ ಅಥವಾ 5 ಮಿ.ಲೀ.ಗೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಆಮೇಲೆ ಏಕಮಾನ. ಡಿ ಜೀವಸತ್ವದ 40 ಐ.ಯು. ಸೇರಿದರೆ 1 ಮೈಕ್ರೋಗ್ರಾಂ. ಎ ಜೀವಸತ್ವದ 10 ಐ.ಯು. ಸೇರಿದರೆ 3 ಮೈಕ್ರೋಗ್ರಾಂ. ಎರಡಕ್ಕೂ ಒಂದೇ ಸೂತ್ರ ಹಚ್ಚಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಒಂದು ಉದಾಹರಣೆ. ಗುಳಿಗೆಯೊಳಗೆ 300 ಮಿಲಿಗ್ರಾಂ ಸಹಜ ಎಣ್ಣೆ ಇದೆ ಎಂದುಕೊಳ್ಳಿ. ಅಂಥ 15 ಗುಳಿಗೆ ಸೇರಿದರೆ ಒಂದು ಟೀ ಚಮಚ. ಹಾಗಾದರೆ ಒಂದೊಂದು ಗುಳಿಗೆಯಲ್ಲಿ 90 ಮೈಕ್ರೋಗ್ರಾಂ ಎ, 30 ಐ.ಯು. ಡಿ ಮತ್ತು ಸುಮಾರು 53 ಮಿಲಿಗ್ರಾಂ ಒಮೆಗಾ-3 ಬರುತ್ತವೆ. ದಿನಕ್ಕೆ ಒಂದೇ ಗುಳಿಗೆ ನುಂಗುವವರಿಗೆ ದಿನದ ಡಿ ಜೀವಸತ್ವದ ಇಪ್ಪತ್ತನೆಯ ಒಂದು ಭಾಗ ಸಿಕ್ಕಂತಾಯಿತು. ಅಪಾಯವೂ ಇಲ್ಲ, ಹೇಳಿಕೊಳ್ಳುವಂಥ ಲಾಭವೂ ಇಲ್ಲ. ಬಂಗಾರದ ಬಣ್ಣದ ಆ ಸಣ್ಣ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿ 'ಏನೂ ಆಗಲಿಲ್ಲ' ಎನ್ನುವವರ ಒಗಟು ಇಲ್ಲಿಗೆ ಬಿಡಿಸಿದಂತಾಗುತ್ತದೆ.

ಆದರೆ ಎಲ್ಲ ಡಬ್ಬಿಗಳಿಗೂ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ತಯಾರಕರು ಎಣ್ಣೆಯನ್ನು ಶುದ್ಧೀಕರಿಸುವಾಗ ಜೀವಸತ್ವಗಳನ್ನು ತೆಗೆಯುತ್ತಾರೆ, ಮತ್ತೆ ತಮಗೆ ಬೇಕಾದಷ್ಟು ಸೇರಿಸುತ್ತಾರೆ. ನಾರ್ವೆಯಲ್ಲಿ 1999ರಲ್ಲಿ 5 ಮಿ.ಲೀ. ಎಣ್ಣೆಯಲ್ಲಿನ ಎ ಜೀವಸತ್ವವನ್ನು 1000 ಮೈಕ್ರೋಗ್ರಾಂನಿಂದ 250ಕ್ಕೆ ಇಳಿಸಿದರು; ಡಿ ಜೀವಸತ್ವಕ್ಕೆ ಹೋಲಿಸಿದರೆ ಎ ಕಡಿಮೆ ಇರುವ ಇಂಥ ಎಣ್ಣೆಯೇ ನನ್ನ ಅಭಿಪ್ರಾಯದಲ್ಲಿ ಆರಿಸಿಕೊಳ್ಳತಕ್ಕದ್ದು. ಎಲ್ಲಿಯೋ ಓದಿದ ಪ್ರಮಾಣವನ್ನು ನಿಮ್ಮ ಡಬ್ಬಿಗೆ ಅನ್ವಯಿಸಬೇಡಿ. ನಿಮ್ಮ ಡಬ್ಬಿಯ ಅಂಕಿಗಳೇ ನಿಮಗೆ ಪ್ರಮಾಣ.

ಲೇಬಲ್ ಮೇಲೆ ಎ ಜೀವಸತ್ವದ ಪ್ರಮಾಣವನ್ನೇ ಬರೆದಿಲ್ಲವೆಂದರೆ ಅದನ್ನು ಕೆಳಗಿಡಿ. ಆಹಾರ ಪೂರಕವಾಗಿ ಮಾರುವ ಡಬ್ಬಿಯಾದರೆ ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಔಷಧವಾಗಿ ಮಾರುವ ಡಬ್ಬಿಯಾದರೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ ಇರಬೇಕು.

ಹಂತ 5: ಮಕ್ಕಳ ಪ್ರಮಾಣವನ್ನು ಬೇರೆಯಾಗಿ ನೋಡಿ

ದೊಡ್ಡವರ ಅರ್ಧ ಮಕ್ಕಳಿಗೆ ಎಂಬ ಮನೆಯ ಸೂತ್ರ ಇಲ್ಲಿ ನಡೆಯುವುದಿಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2001ರಲ್ಲಿ ಗೊತ್ತುಪಡಿಸಿದ ಪ್ರಕಾರ ರೆಟಿನಾಲ್‌ನ ಮೇಲ್ಮಿತಿ 1ರಿಂದ 3 ವರ್ಷದ ಮಕ್ಕಳಿಗೆ ದಿನಕ್ಕೆ 600 ಮೈಕ್ರೋಗ್ರಾಂ, 4ರಿಂದ 8 ವರ್ಷದವರಿಗೆ 900 ಮೈಕ್ರೋಗ್ರಾಂ. ಸಹಜ ಎಣ್ಣೆಯ ಅರ್ಧ ಟೀ ಚಮಚದಲ್ಲಿಯೇ 675 ಇದೆ. ಅಂದರೆ ಎರಡು ವರ್ಷದ ಕೂಸಿಗೆ ಅರ್ಧ ಚಮಚವೂ ಹೆಚ್ಚು, ಆರು ವರ್ಷದ ಹುಡುಗಿಗೆ ಪೂರ್ತಿ ಚಮಚ ಹೆಚ್ಚು.

ವರ್ಷ ತುಂಬದ ಕೂಸುಗಳಿಗೆ ದಿನಕ್ಕೆ 400 ಐ.ಯು. ಡಿ ಜೀವಸತ್ವ ಬೇಕಾಗುತ್ತದೆ, ಅದಕ್ಕೆ ಮಕ್ಕಳ ವೈದ್ಯರು ಬರೆಯುವ ಡಿ ಹನಿಗಳಿವೆ. ಮೀನೆಣ್ಣೆಯ ಗುಳಿಗೆಯನ್ನು ಚುಚ್ಚಿ ಕೂಸಿನ ಬಾಯಿಗೆ ಹಿಂಡುವುದು, ಅಳುವಾಗ ಮೂಗು ಹಿಡಿದು ಎಣ್ಣೆ ಸುರಿಯುವುದು ಅಪಾಯಕಾರಿ. ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಕೆಮ್ಮಿ ಹೊರಹಾಕುವುದು ಕಷ್ಟ, ಅದರಿಂದ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಹರಳೆಣ್ಣೆ, ತುಪ್ಪಗಳನ್ನು ಹೀಗೆ ಕುಡಿಸುವ ರೂಢಿ ನಮ್ಮ ಕಡೆ ಇನ್ನೂ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಹಂತ 6: ಕೊಳ್ಳುವುದು ಮತ್ತು ಇಡುವುದು

ಒಮೆಗಾ-3 ಕೊಬ್ಬುಗಳು ಬೇಗ ಕೆಡುತ್ತವೆ. ಗಾಳಿ, ಬೆಳಕು, ಸೆಕೆ ಮೂರೂ ಅವಕ್ಕೆ ಆಗವು. ಬಾಗಲಕೋಟೆ, ವಿಜಯಪುರಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಮನೆಯ ಮಾಡದಲ್ಲಿ ಇಟ್ಟ ಡಬ್ಬಿಯೊಳಗಿನ ಸ್ಥಿತಿಯನ್ನು ನೀವೇ ಊಹಿಸಬಹುದು. ಬೆಳಗಾವಿಯ ಕಡೆ ಹವೆ ತಂಪು, ಆದರೂ ಕಿಟಕಿಯ ಬಿಸಿಲು ಬಿಸಿಲೇ. ಬೇಸಿಗೆಯಲ್ಲಿ ದೊಡ್ಡ ಡಬ್ಬಿ ಕೊಳ್ಳದೆ ಒಂದು ತಿಂಗಳಿಗೆ ಸಾಕಾಗುವಷ್ಟು ಕೊಳ್ಳಿ. ಅಂಗಡಿಯ ಗಾಜಿನ ಮುಂಗಟ್ಟಿನಲ್ಲಿ ಬಿಸಿಲಿಗೆ ನಿಂತ ಡಬ್ಬಿಯನ್ನು ಬೇಡವೆಂದು ಹೇಳಿ, ಒಳಗಿನದನ್ನು ಕೇಳಿ. ದ್ರವರೂಪದ ಎಣ್ಣೆಯನ್ನು ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಯೇ ಇಡಿ. ತಣ್ಣಗಾದಾಗ ಸ್ವಲ್ಪ ಮಬ್ಬಾದರೆ ಕೆಟ್ಟಿದೆ ಎಂದಲ್ಲ.

ಕೆಟ್ಟಿದೆಯೇ ಎಂದು ನೋಡಲು ಸುಲಭವಾದ ಉಪಾಯವಿದೆ. ಒಂದು ಗುಳಿಗೆಯನ್ನು ಸೂಜಿಯಿಂದ ಚುಚ್ಚಿ ಎಣ್ಣೆಯನ್ನು ಬೆರಳ ತುದಿಗೆ ಹಿಂಡಿಕೊಂಡು ಮೂಸಿ. ತೆಳುವಾದ ಮೀನಿನ ವಾಸನೆ ಸಹಜ. ಹಳೆಯ ಬಣ್ಣದ ಡಬ್ಬಿಯನ್ನು ತೆರೆದಾಗ ಬರುವಂಥ, ಗಂಟಲಿಗೆ ಹತ್ತುವ ಖಾರವಾದ ವಾಸನೆ ಬಂದರೆ ಎಣ್ಣೆ ಕೆಟ್ಟಿದೆ. ಗುಳಿಗೆಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದರೆ ಡಬ್ಬಿ ಸೆಕೆಗೆ ಸಿಕ್ಕಿದೆ ಎಂದು ತಿಳಿಯಿರಿ. ಲಿಂಬೆ ಅಥವಾ ಕಿತ್ತಳೆಯ ಪರಿಮಳ ಬೆರೆಸಿದ ಎಣ್ಣೆಯಲ್ಲಿ ಈ ಪರೀಕ್ಷೆ ಅಷ್ಟು ನೆಚ್ಚಿಕೆಯದಲ್ಲ, ಪರಿಮಳವು ಕೆಟ್ಟ ವಾಸನೆಯನ್ನು ಮರೆಸುತ್ತದೆ.

ಹಂತ 7: ಸೇವಿಸುವ ಕ್ರಮ

ಎ ಮತ್ತು ಡಿ ಎರಡೂ ಕೊಬ್ಬಿನಲ್ಲಿ ಕರಗುವ ಜೀವಸತ್ವಗಳು. ಹಸಿದ ಹೊಟ್ಟೆಗಿಂತ ಊಟದ ನಡುವೆ ತೆಗೆದುಕೊಂಡರೆ ಚೆನ್ನಾಗಿ ಮೈಗೂಡುತ್ತವೆ. ರೊಟ್ಟಿ, ಪಲ್ಲೆ, ಎಣ್ಣೆ ಕಲಸಿದ ಶೇಂಗಾ ಚಟ್ನಿಯ ಮಧ್ಯಾಹ್ನದ ಊಟ ಇದಕ್ಕೆ ಧಾರಾಳ ಸಾಕು. ಎರಡು ತುತ್ತು ಉಂಡು, ಗುಳಿಗೆ ನುಂಗಿ, ಊಟ ಮುಗಿಸಿದರೆ ಮೀನಿನ ತೇಗೂ ಕಡಿಮೆ ಬರುತ್ತದೆ. ಬೆಳಗಿನ ಬರಿಯ ಚಹದ ಜೊತೆಗೆ ಬೇಡ. ಬಿಸಿ ಹಾಲಿಗೆ ಬೆರೆಸುವುದು, ಕಾಯಿಸುವುದು, ಒಗ್ಗರಣೆಗೆ ಹಾಕುವುದು ಬೇಡವೇ ಬೇಡ.

ದ್ರವವನ್ನು ಅಡಿಗೆಮನೆಯ ಚಮಚದಿಂದ ಅಳೆಯಬೇಡಿ. ಒಂದು ಮನೆಯ ಚಮಚ 3 ಮಿ.ಲೀ. ಹಿಡಿದರೆ ಇನ್ನೊಂದು ಮನೆಯದು 7 ಹಿಡಿಯುತ್ತದೆ. ಸಿರಪ್ ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಅಳತೆಯ ಮುಚ್ಚಳವನ್ನು ಬಳಸಿ. ಒಂದು ದಿನ ಮರೆತರೆ ಮರುದಿನ ಎರಡರಷ್ಟು ತೆಗೆದುಕೊಳ್ಳುವ ಅಗತ್ಯವಿಲ್ಲ. 'ಉಷ್ಣ' ಎಂಬ ಮಾತಿನ ಬಗ್ಗೆ ಇಷ್ಟೇ ಹೇಳಬಲ್ಲೆ: ಕೆಲವರಿಗೆ ಹೊಟ್ಟೆ ಸಡಿಲವಾಗುತ್ತದೆ, ಹುಳಿತೇಗು ಬರುತ್ತದೆ, ಪ್ರಮಾಣ ತಗ್ಗಿಸಿದರೆ ಅದು ನಿಲ್ಲುತ್ತದೆ.

ಹಂತ 8: ಯಾವಾಗ ನಿಲ್ಲಿಸಬೇಕು

ಬಿಡದ ತಲೆನೋವು, ವಾಕರಿಕೆ, ತುಟಿ ಒಡೆಯುವುದು, ಚರ್ಮ ಒಣಗಿ ಸಿಪ್ಪೆ ಏಳುವುದು, ಕೂದಲು ಉದುರುವುದು, ಮೂಳೆ ಕೀಲುಗಳ ನೋವು ಇವು ಎ ಜೀವಸತ್ವ ಅತಿಯಾದ ಲಕ್ಷಣಗಳು. ಅತಿಯಾದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ ಡಿ ಅತಿಯಾದುದರ ಲಕ್ಷಣಗಳು. ನಮ್ಮ ಕಡೆಯ ಬೇಸಿಗೆಯಲ್ಲಿ ಬಾಯಾರಿಕೆಗೆ ಯಾರೂ ಬೆಲೆ ಕೊಡುವುದಿಲ್ಲ, ಚಳಿಗಾಲದಲ್ಲಿ ತುಟಿ ಒಡೆದರೆ ವ್ಯಾಸಲೀನ್ ಹಚ್ಚಿ ಸುಮ್ಮನಾಗುತ್ತಾರೆ. ಗುಳಿಗೆ ನುಂಗುವವರಲ್ಲಿ ಇವು ಎರಡು ಮೂರು ಒಟ್ಟಿಗೇ ಕಂಡರೆ ಎಣ್ಣೆಯನ್ನು ನಿಲ್ಲಿಸಿ, ಡಬ್ಬಿಯನ್ನೇ ಕೈಯಲ್ಲಿ ಹಿಡಿದು ದವಾಖಾನೆಗೆ ಹೋಗಿ. ವರ್ಷಗಟ್ಟಲೆ ಎ ಜೀವಸತ್ವ ಹೆಚ್ಚಾಗಿ ಸೇರಿದರೆ ಮೂಳೆಯ ಸಾಂದ್ರತೆ ಕುಗ್ಗುವ ಸಂಭವವೂ ಇದೆ. ಮೂಳೆ ಗಟ್ಟಿಯಾಗಲೆಂದು ನುಂಗಿದ್ದೇ ಅದನ್ನು ಸವೆಸಿದಂತಾಗುತ್ತದೆ.

ಮೀನು ತಿನ್ನುವವರಿಗೆ, ತಿನ್ನದವರಿಗೆ

ಮೀನು ತಿನ್ನುವವರಾದರೆ, ವಾರಕ್ಕೆ ಎರಡು ಬಾರಿ ಬಂಗಡೆ ಅಥವಾ ತಾರ್ಲೆ ಊಟ ಮಾಡುವುದು ಗುಳಿಗೆಗಿಂತ ಒಳ್ಳೆಯದು ಎಂಬುದು ನನ್ನ ತೀರ್ಮಾನ. ಗೋವೆ, ಕಾರವಾರಗಳಿಂದ ಘಟ್ಟ ಹತ್ತಿ ಬರುವ ಈ ಮೀನುಗಳು ಬೆಳಗಾವಿಯವರಿಗೆ ಕೈಗೆಟಕುತ್ತವೆ. ಒಮೆಗಾ-3 ಮತ್ತು ಡಿ ಎರಡೂ ಅವುಗಳಲ್ಲಿವೆ, ಪ್ರೋಟೀನು ಹೆಚ್ಚುವರಿ, ಎ ಜೀವಸತ್ವದ ಭಾರವಿಲ್ಲ. ಆಲಮಟ್ಟಿಯ ಹಿನ್ನೀರಿನ ಕಾಟ್ಲಾ, ರೋಹುಗಳು ಒಳ್ಳೆಯ ಆಹಾರವೇ, ಆದರೆ ಒಮೆಗಾ-3 ವಿಷಯದಲ್ಲಿ ಕಡಲಮೀನಿಗೆ ಸಮನಲ್ಲ.

ಶಾಕಾಹಾರಿ ಮನೆಗಳವರು ಗುಟ್ಟಾಗಿ ಕೇಳುವ ಪ್ರಶ್ನೆ ಇನ್ನೊಂದಿದೆ: ಗುಳಿಗೆಯೊಳಗೆ ಇದ್ದರೆ ನಡೆಯುತ್ತದೆಯೇ? ಒಳಗಿನ ಎಣ್ಣೆ ಮೀನಿನದು, ಹೊರಗಿನ ಮೆತ್ತನೆಯ ಹೊದಿಕೆ ಜಿಲೆಟಿನ್ ಆಗಿದ್ದರೆ ಅದೂ ಪ್ರಾಣಿಯ ಚರ್ಮ, ಮೂಳೆಗಳಿಂದ ಬಂದದ್ದು. ಆಹಾರ ಪೂರಕದ ಡಬ್ಬಿಯ ಮೇಲೆ ಕಂದು ಬಣ್ಣದ ತ್ರಿಕೋನದ ಗುರುತು ಇರುತ್ತದೆ. ಔಷಧವಾಗಿ ಮಾರುವ ಡಬ್ಬಿಯ ಮೇಲೆ ಆ ಗುರುತು ಇಲ್ಲದೆಯೂ ಇರಬಹುದು, ಅದರಿಂದ ಶಾಕಾಹಾರಿ ಎಂದು ತಿಳಿಯಬೇಡಿ.

ಅಗಸಿ ಹಿಂಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ನಮ್ಮ ಜಿಲ್ಲೆಗಳವರಿಗೆ ಸಸ್ಯಮೂಲದ ಒಮೆಗಾ-3 ಮೊದಲಿನಿಂದಲೂ ತಟ್ಟೆಯಲ್ಲೇ ಇದೆ. ಅದು ಎ.ಎಲ್.ಎ. ಎಂಬ ಕೊಬ್ಬಿನಾಮ್ಲ, ದೇಹ ಅದರ ಸ್ವಲ್ಪ ಭಾಗವನ್ನು ಮಾತ್ರ ಇ.ಪಿ.ಎ., ಡಿ.ಎಚ್.ಎ.ಗಳಾಗಿ ಮಾರ್ಪಡಿಸಬಲ್ಲದು ಎಂಬುದು ನಿಜವಾದರೂ, ಊಟದ ಭಾಗವಾಗಿ ಅದನ್ನು ಬಿಡಬೇಡಿ. ಅಗಸಿಯನ್ನು ಇಡಿಯಾಗಿ ನುಂಗಿದರೆ ಹಾಗೆಯೇ ಹೊರಬೀಳುತ್ತದೆ, ಹುರಿದು ಪುಡಿ ಮಾಡಲೇಬೇಕು. ಡಿ.ಎಚ್.ಎ. ನೇರವಾಗಿ ಬೇಕೆಂದರೆ ಕಡಲ ಪಾಚಿಯಿಂದ ತೆಗೆದ ಎಣ್ಣೆಯ ಗುಳಿಗೆಗಳು ದೊರೆಯುತ್ತವೆ. ಮೀನುಗಳಿಗೂ ಅದು ಮೂಲತಃ ಪಾಚಿಯಿಂದಲೇ ಬರುವುದು. ಡಿ ಜೀವಸತ್ವದಲ್ಲಿ ಡಿ3 ಎಂದು ಬರೆದಿರುವುದು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾದದ್ದು, ಡಿ2 ಎಂದು ಬರೆದಿರುವುದು ಅಣಬೆ ಅಥವಾ ಯೀಸ್ಟ್‌ನಿಂದ ತಯಾರಾದದ್ದು. ಕಲ್ಲುಹೂವಿನಿಂದ ತೆಗೆದ ಡಿ3 ಕೂಡ ಈಗ ಸಿಗುತ್ತದೆ, ಬೆಲೆ ಮಾತ್ರ ಹೆಚ್ಚು.